ಟ್ರೈಲರ್ ರೂಫಿಗೆ ರಬ್ಬರ್ ಕೋಟಿಂಗ್: ಡಬ್ಬಿ ತೆರೆಯುವ ಮೊದಲು ಜಾಯಿಂಟ್ ನೋಡಿ

ನಮಸ್ಕಾರ ಸರ್. ಒಹಾಯೋದಲ್ಲಿ 28 ಅಡಿ ಟ್ರಾವೆಲ್ ಟ್ರೈಲರ್ (ಗಾಡಿಗೆ ಕಟ್ಟಿ ಎಳೆಯುವ ಮನೆ), ಇಪಿಡಿಎಂ ಎಂಬ ಕೃತಕ ರಬ್ಬರ್ ಹಾಳೆಯ ರೂಫ್, ಸ್ಕೈಲೈಟ್ ಪಕ್ಕ ಸೀಲಿಂಗ್‌ನಲ್ಲಿ ಕಂದು ಕಲೆ. ಎರಡು ಗ್ಯಾಲನ್ ಅಕ್ರಿಲಿಕ್ ರಬ್ಬರ್ ಕೋಟಿಂಗ್ ತಂದಿದ್ದೀರಿ, ಅಕ್ಟೋಬರ್ ಮೊದಲ ವಾರಾಂತ್ಯಕ್ಕೆ ಬಳಿದುಬಿಡಲೇ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ.

ಕೊಂಬೆ ಗೀರಿ ಹರಿದಿಲ್ಲದಿದ್ದರೆ ರಬ್ಬರ್ ಹಾಳೆಯ ನಡುಮಧ್ಯೆ ಸೋರುವುದು ಅಪರೂಪ. ನೀರು ಇಳಿಯುವುದು ತೂತು ಕೊರೆದ ಜಾಗದಲ್ಲಿ: ಸ್ಕೈಲೈಟ್ ಚೌಕಟ್ಟು, ಪ್ಲಂಬಿಂಗ್ ವೆಂಟ್, ಫ್ರಿಜ್ ವೆಂಟ್, ಆಂಟೆನಾ, ಏಣಿಯ ಬೋಲ್ಟು. ಜೊತೆಗೆ ಮುಂದೆ ಮತ್ತು ಹಿಂದೆ ಕ್ಯಾಪ್ (ಟ್ರೈಲರ್ ತುದಿಯ ಗೋಡೆ) ರೂಫಿಗೆ ಕೂಡುವ ಅಡ್ಡ ಜಾಯಿಂಟ್. ಊರಿನ ಕಾಂಕ್ರೀಟ್ ತಾರಸಿ ಇದ್ದಲ್ಲೇ ಇರುತ್ತದೆ, ಟ್ರೈಲರ್ ರಸ್ತೆಯುದ್ದಕ್ಕೂ ತಿರುಚಿಕೊಳ್ಳುತ್ತದೆ. ಬಿರುಕಿನ ಮೇಲೆ ಬರೀ ಕೋಟಿಂಗ್ ಎಳೆದರೆ ಅದೂ ಅಲ್ಲೇ ಸೀಳುತ್ತದೆ. ಕೋಟಿಂಗ್ ಹಾಳೆಯನ್ನು ಬಿಸಿಲಿನಿಂದ ಕಾಯುತ್ತದೆ, ಸೋರಿಕೆ ನಿಲ್ಲಿಸಬೇಕಾದ್ದು ಸೀಲಂಟ್, ಅಂದರೆ ಸಂದಿಗೆ ತುಂಬುವ ಅಂಟು.

ಮೊದಲು ರೂಫನ್ನು ಅಂಗೈಯಲ್ಲಿ ಒತ್ತುತ್ತಾ ಹೋಗಿ. ಮೆತ್ತಗೆ ತಗ್ಗಿದರೆ ಕೆಳಗಿನ ಪ್ಲೈವುಡ್ ಕೊಳೆತಿದೆ, ಆ ಭಾಗ ಬಿಚ್ಚಿ ಹಲಗೆ ಬದಲಿಸಲೇಬೇಕು. ಒದ್ದೆ ಹಲಗೆ ಮೇಲೆ ಬಳಿದರೆ ತೇವ ಒಳಗೇ ಉಳಿದು ಪದರ ಗುಳ್ಳೆ ಏಳುತ್ತದೆ. ಕಲೆ ಇರುವಲ್ಲೇ ತೂತು ಇರಬೇಕೆಂದೂ ಇಲ್ಲ, ನೀರು ತೊಲೆ ಹಿಡಿದು ನಾಲ್ಕಾರು ಅಡಿ ಹರಿದಿರಬಹುದು. ಏಸಿಯ ಸುತ್ತ ಹೊರಗಿಂದ ಸೀಲಂಟ್ ಮೆತ್ತಬೇಡಿ. ಅದರ 14 ಇಂಚಿನ ಚೌಕ ಗ್ಯಾಸ್ಕೆಟ್ ಅನ್ನು ಒಳಗಿನ ನಾಲ್ಕು ಬೋಲ್ಟು ಬಿಗಿಸಿ, ಸುಮಾರು ಅರ್ಧ ಇಂಚಿಗೆ ಅಮುಕಿ ಕೂರಿಸಬೇಕು.

ಸ್ಕೈಲೈಟ್ ವಿಷಯದಲ್ಲಿ ಅರೆಬರೆ ಕೆಲಸ ಬೇಡ. ಸ್ಕ್ರೂ ಬಿಚ್ಚಿ ಎತ್ತಿ, ಚೌಕಟ್ಟಿನಡಿಯ ಹಳೇ ಬ್ಯೂಟೈಲ್ (ಮೆತ್ತನೆ ಅಂಟು ರಬ್ಬರ್ ಪಟ್ಟಿ) ಅನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು, ಹೊಸ ಬ್ಯೂಟೈಲ್ ಟೇಪ್ ಹಾಕಿ, ಅಂಚಿನಿಂದ ಸ್ವಲ್ಪ ಹೊರಗೆ ಉಬ್ಬುವವರೆಗೆ ಬಿಗಿಸಿ. ಆಮೇಲೆ ಅಂಚಿಗೂ ಪ್ರತಿ ಸ್ಕ್ರೂ ತಲೆಗೂ ಸೆಲ್ಫ್ ಲೆವೆಲಿಂಗ್ (ತಾನಾಗೇ ಹರಡಿ ಮಟ್ಟವಾಗುವ) ಲ್ಯಾಪ್ ಸೀಲಂಟ್ ಹಾಕಿ. ಇದು ಮಟ್ಟಸ ಜಾಗಕ್ಕೆ ಮಾತ್ರ, ಲಂಬ ಅಂಚಿನಲ್ಲಿ ಜಾರಿಬಿಡುತ್ತದೆ, ಅಲ್ಲಿಗೆ ಜಾರದ ನಾನ್ ಸ್ಯಾಗ್ ಸೀಲಂಟ್ ತನ್ನಿ. ಕ್ಯಾಪ್ ಜಾಯಿಂಟಿಗೆ 4 ಇಂಚು ಅಗಲದ ಎಟರ್ನಾಬಾಂಡ್ ಎಂಬ ರೂಫ್ ಸೀಲಿಂಗ್ ಟೇಪ್ ಒಳ್ಳೆಯದು, ಆದರೆ ಅಂಟಿದ ಮೇಲೆ ಸರಿಸಲಾಗುವುದಿಲ್ಲ. ಅಂಗಡಿಯ ಮಾಮೂಲಿ ಸಿಲಿಕಾನ್ ಟ್ಯೂಬ್ ಮಾತ್ರ ಬೇಡವೇ ಬೇಡ. ಇಪಿಡಿಎಂಗೆ ಅದು ನೆಟ್ಟಗೆ ಅಂಟುವುದಿಲ್ಲ, ಅದು ಹತ್ತಿದ ಜಾಗಕ್ಕೆ ಬೇರೇನೂ ಅಂಟುವುದಿಲ್ಲ. ಯಾರಾದರೂ ಹಿಂದೆ ಹಾಕಿದ್ದರೆ ಪೂರ್ತಿ ಕೆರೆದು ತೆಗೆಯಿರಿ. ಗಟ್ಟಿಯಾಗಿ ಕೂತಿರುವ ಹಳೇ ಲ್ಯಾಪ್ ಸೀಲಂಟ್ ಇರಲಿ, ಅದರ ಮೇಲೇ ಹೊಸದು ಬೀಳಬಹುದು.

ಲ್ಯಾಪ್ ಸೀಲಂಟ್ ಮೇಲೆ ಕೆಲವೇ ಗಂಟೆಯಲ್ಲಿ ತೊಗಲು ಕಟ್ಟುತ್ತದೆ, ಒಳಗಿನ ತನಕ ಒಣಗಲು 30 ದಿನವೂ ಹಿಡಿಯಬಹುದು. ಆತುರಪಟ್ಟು ಬಳಿದರೆ ಒಳಗಿನ ಆವಿ ಹೊರಬರಲು ನೋಡಿ ಪದರ ಬಿರಿಯುತ್ತದೆ.

ಈಗ ಅಳತೆ. 28 × 8 ಅಂದರೆ 224 ಚದರ ಅಡಿ. ಒಂದು ಗ್ಯಾಲನ್ 1 ಮಿಲ್ ದಪ್ಪಕ್ಕೆ (ಇಂಚಿನ ಸಾವಿರದಲ್ಲೊಂದು ಭಾಗ) 1,604 ಚದರ ಅಡಿ ಆವರಿಸುತ್ತದೆ. ಅಕ್ರಿಲಿಕ್‌ನಲ್ಲಿ ಸುಮಾರು ಅರ್ಧದಷ್ಟು ಆವಿಯಾಗಿ ಹೋಗುತ್ತದೆ. ಒಣಗಿದ ಮೇಲೆ 20 ಮಿಲ್ ಉಳಿಯಬೇಕಾದರೆ ಹಸಿಯಲ್ಲಿ 40 ಮಿಲ್ ಬೇಕು, ಗ್ಯಾಲನ್ನಿಗೆ 40 ಚದರ ಅಡಿ. ರೋಲರ್ ಕುಡಿಯುವುದನ್ನೂ ಸೇರಿಸಿದರೆ ಆರು ಗ್ಯಾಲನ್ ಹತ್ತಿರ ಬೇಕು. ನಿಮ್ಮ ಎರಡು ಗ್ಯಾಲನ್ ಹರಡಿದರೆ ಉಳಿಯುವುದು 7 ಮಿಲ್, ಅದು ಬರೀ ಬಣ್ಣ. ಡಬ್ಬಿಯ ಮೇಲೆ ಘನಾಂಶದ ಶೇಕಡಾವಾರು ಇದ್ದರೆ ಅದನ್ನೇ ಹಿಡಿದು ಲೆಕ್ಕ ಹಾಕಿ.

ಬಳಿಯುವ ದಿನ ಪಾತ್ರೆ ಸೋಪು, ಮೆತ್ತನೆ ಬ್ರಶ್ ಹಿಡಿದು ಎರಡು ಸಲ ತೊಳೆಯಿರಿ. ಒಣಗಿದ ಮೇಲೆ ಕಪ್ಪು ಬಟ್ಟೆಯಿಂದ ಒರೆಸಿ. ಬಿಳಿ ಪುಡಿ ಹತ್ತಿದರೆ ಮತ್ತೆ ತೊಳೆಯಿರಿ, ಪದರ ಸಿಪ್ಪೆಯಂತೆ ಏಳುವುದಕ್ಕೆ ಈ ಪುಡಿಯೇ ಮುಖ್ಯ ಕಾರಣ. ಪೆಟ್ರೋಲ್, ಮಿನರಲ್ ಸ್ಪಿರಿಟ್ಸ್, ಸಿಟ್ರಸ್ ಕ್ಲೀನರ್ ತಾಗಿಸಬೇಡಿ, ಇಪಿಡಿಎಂ ಊದಿಕೊಳ್ಳುತ್ತದೆ. ಕಂಪನಿ ಪ್ರೈಮರ್ ಹೇಳಿದ್ದರೆ ಬಿಡಬೇಡಿ. 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿರಬೇಕು, ರಾತ್ರಿ ಇಬ್ಬನಿ ಬೀಳುವ ಮುಂಚೆ ಒಣಗಬೇಕು, ಸುಡು ಬಿಸಿಲೂ ಬೇಡ. ರೋಲರನ್ನು ಮುಂದಿನಿಂದ ಏಣಿಯ ಕಡೆಗೆ ತನ್ನಿ. ಒಂದೇ ಜಾಗದಲ್ಲಿ ಹಿಂದೆಮುಂದೆ ಉಜ್ಜಿದರೆ ಗಾಳಿಗುಳ್ಳೆ ಸೇರುತ್ತದೆ. ಎರಡನೇ ಕೋಟನ್ನು ಅಡ್ಡಕ್ಕೆ ಎಳೆಯಿರಿ. ವೆಂಟ್ ಬಾಯಿ ಮುಚ್ಚದಂತೆ ನೋಡಿಕೊಳ್ಳಿ.

ಈ ತಿಂಗಳು ಸೀಲಂಟ್ ಹಾಕಿದರೆ ಅದು ಒಣಗುವ ಹೊತ್ತಿಗೆ ನಿಮ್ಮಲ್ಲಿ ಚಳಿ ಬಂದಿರುತ್ತದೆ. ಜಾಯಿಂಟ್ ಗಟ್ಟಿಯಿದ್ದರೆ ಚಳಿಗಾಲ ಹಾಗೇ ಕಳೆಯಬಹುದು, ಕೋಟಿಂಗ್ ಮೇ ತಿಂಗಳಿಗೆ ಇಟ್ಟುಕೊಳ್ಳಿ. ತಂದಿರುವ ಡಬ್ಬಿಗಳು ಗ್ಯಾರೇಜಿನಲ್ಲಿ ಬೇಡ, ಮನೆಯೊಳಗೆ ಇಡಿ. ಅಕ್ರಿಲಿಕ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಗಂಟುಗಂಟಾಗಿ ಕೆಲಸಕ್ಕೆ ಬರುವುದಿಲ್ಲ.