ಬಾಲ್ಯ ಕಂಡವರು ಈಗ ಯಾರೂ ಇಲ್ಲ

ಪ್ರಶ್ನೆ: ನನಗೆ 43 ವರ್ಷ. ಒಂಟಿ. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ. ನಾಲ್ಕು ಜನರ ನಡುವೆ ಒಂದು ಗಂಟೆ ಇದ್ದು ಬಂದರೆ ಮರುದಿನವೆಲ್ಲ ಸುಸ್ತು. ಸದ್ದು, ದಿಢೀರ್ ಬದಲಾವಣೆ ಎರಡೂ ನನಗೆ ಆಗಿಬರುವುದಿಲ್ಲ. ಆಟಿಸಂ (ಚಿಕ್ಕಂದಿನಿಂದಲೇ ಒಡನಾಟ, ಮಾತುಕತೆ, ಬದಲಾವಣೆಗೆ ಒಗ್ಗುವುದು ಕಷ್ಟವಾಗುವ, ಮಿದುಳಿನ ಬೆಳವಣಿಗೆಯ ಭಿನ್ನತೆ) ಇರಬಹುದೆಂದು ಪರೀಕ್ಷೆಗೆ ಹೋದರೆ, ‘ನಿಮ್ಮನ್ನು ಸಾಕಿದವರನ್ನು ಕರೆತನ್ನಿ, ಇಲ್ಲದಿದ್ದರೆ ಆಗುವುದಿಲ್ಲ’ ಎಂದರು. ಈ ಆಸೆ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ‘ಕಷ್ಟ’ ಎಂದಿದ್ದರೆ ಒಪ್ಪುತ್ತಿದ್ದೆ, ‘ಆಗುವುದಿಲ್ಲ’ ಎಂಬುದು ತಪ್ಪು.

ಆಟಿಸಂ ನಡುವಯಸ್ಸಿನಲ್ಲಿ ಶುರುವಾಗುವಂಥದ್ದಲ್ಲ. ಅದಕ್ಕೇ ಬಾಲ್ಯ ಕೆದಕುತ್ತಾರೆ. ಎಡಿಐ-ಆರ್ ಎಂಬ ಸಂದರ್ಶನವಂತೂ ಸಾಕಿದವರನ್ನು ಕೇಳಲೆಂದೇ ಇರುವುದು, ಅದು ನಿಮಗೆ ಒದಗುವುದಿಲ್ಲ. ಆದರೆ ಎದುರು ಕೂರಿಸಿಕೊಂಡು ಆಟಿಸಂ ಲಕ್ಷಣ ಗಮನಿಸುವ ಎಡಾಸ್-2 ಎಂಬ ಪರೀಕ್ಷೆಯಲ್ಲಿ ವಯಸ್ಕರಿಗೆ ಬಳಸುವ ನಾಲ್ಕನೇ ಭಾಗವನ್ನು (ಮಾಡ್ಯೂಲ್) ನಡೆಸುವುದು ನಿಮ್ಮೊಡನೆಯೇ. ಅದು ನೋಡುವುದು ಇವತ್ತಿನ ನಿಮ್ಮನ್ನು ಮಾತ್ರ. ವರ್ಷಗಟ್ಟಲೆ ಎಲ್ಲರಂತೆ ನಟಿಸಿ ಪಳಗಿದವರ ಲಕ್ಷಣ ಅಲ್ಲಿ ಕಣ್ಣಿಗೆ ಬೀಳದೆಯೂ ಇರಬಹುದು.

ನಿಮ್ಮಂಥವರನ್ನು ಮಾರ್ಗಸೂಚಿಗಳು ಮರೆತಿಲ್ಲ. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ, ಅಮೆರಿಕದ 2013ರ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ವಯಸ್ಕರ ಬಾಲ್ಯದ ವಿವರ ಸಿಗದಿದ್ದಾಗ ಅವರೇ ಹೇಳಿಕೊಳ್ಳುವ ತೊಂದರೆಗಳಿಗೆ ಬೆಲೆ ಕೊಡಬೇಕು. ಈಗಿನ ಲಕ್ಷಣಗಳು ಹೊಂದುತ್ತಿದ್ದು, ಚಿಕ್ಕಂದಿನಲ್ಲಿ ಒಡನಾಟ, ಮಾತುಕತೆ ಚೆನ್ನಾಗಿತ್ತು ಎನ್ನಲು ಪುರಾವೆ ಇಲ್ಲದಿದ್ದರೆ ಆಟಿಸಂ ಎಂದು ನಿರ್ಣಯಿಸಬಹುದು. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2012ರ ಮಾರ್ಗಸೂಚಿಯೂ ಶಾಲೆಯ ವರದಿಯಂಥ ದಾಖಲೆಗಳನ್ನು ಬಳಸಿಕೊಳ್ಳಬಹುದು ಎನ್ನುತ್ತದೆ. (ನಲವತ್ತು ವರ್ಷದ ಹಿಂದಿನದನ್ನು ನೆನೆಯುವಾಗ ತಾಯಂದಿರೂ ಒಂದು ಮಗುವಿನ ಕಥೆಯನ್ನು ಇನ್ನೊಂದಕ್ಕೆ ಸೇರಿಸಿಬಿಡುವುದುಂಟು.)

ಒಡಹುಟ್ಟಿದವರು, ದೊಡ್ಡಮ್ಮ, ಚಿಕ್ಕಪ್ಪನ ಮಕ್ಕಳು, ಶಾಲೆಯ ಗೆಳೆಯರು, ಯಾರಾದರೂ ಇದ್ದರೆ ಕೇಳಿ. ಯಾರೂ ಸಿಗದಿದ್ದರೆ ನೀವೇ ಬರೆಯಿರಿ. ‘ನನಗೆ ಗೆಳೆಯರಿರಲಿಲ್ಲ’ ಎಂದು ಬರೆದರೆ ಪರೀಕ್ಷಿಸುವವರಿಗೆ ಹೆಚ್ಚೇನೂ ತಿಳಿಯದು. ಆಟದ ಬಿಡುವಿನಲ್ಲಿ ಎಲ್ಲಿರುತ್ತಿದ್ದಿರಿ, ಯಾವ ಬಟ್ಟೆಗೆ ಹಟ ಹಿಡಿದು ಅತ್ತಿರಿ, ಯಾವ ವಿಷಯ ಹಿಡಿದರೆ ಮಾತು ನಿಲ್ಲುತ್ತಿರಲಿಲ್ಲ, ಅದನ್ನು ಬರೆಯಿರಿ. ಆಟಿಸಂಗೆ ಹೊಂದದ ನೆನಪುಗಳನ್ನೂ ಬಿಡಬೇಡಿ. ಆಟಿಸಂ ಬಗ್ಗೆ ಓದುತ್ತ ಹೋದಂತೆ ಹಳೆಯದೆಲ್ಲ ಅದೇ ಬಣ್ಣ ಪಡೆಯುತ್ತದೆ. ಪರೀಕ್ಷಿಸುವವರಿಗೆ ಆ ಬಣ್ಣ ಬೇಡ, ನಡೆದದ್ದು ಬೇಕು.

ಬಾಲ್ಯದಲ್ಲಿ ಹೊಡೆತ, ಭಯ, ನಿರ್ಲಕ್ಷ್ಯ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಮಾನಸಿಕ ಆಘಾತ, ಸಾಮಾಜಿಕ ಆತಂಕ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇವೆಲ್ಲ ಹೊರನೋಟಕ್ಕೆ ಆಟಿಸಂನಂತೆಯೇ ಕಾಣಬಹುದು, ಅದರ ಜೊತೆಗೂ ಇರಬಹುದು. ಆಟಿಸಂ ಲಕ್ಷಣಗಳನ್ನು ನಾವೇ ಅಳೆದುಕೊಳ್ಳುವ, 50 ಪ್ರಶ್ನೆಗಳ ಎಕ್ಯೂ ಪ್ರಶ್ನಾವಳಿಯಲ್ಲಿ ಹೆಚ್ಚು ಅಂಕ ಬಂದ ಮಾತ್ರಕ್ಕೆ ಆಟಿಸಂ ಇದೆ ಎಂದಾಗದಿರುವುದೂ ಇದಕ್ಕೇ.

ಪರೀಕ್ಷೆಗೆ ಇನ್ನೊಂದು ಕಡೆ ಹೋಗುವ ಮೊದಲೇ ಅಲ್ಲಿಯವರನ್ನು ಎರಡು ಮಾತು ಕೇಳಿಕೊಳ್ಳಿ: ವಯಸ್ಕರನ್ನು ನೋಡಿದ ಅನುಭವ ಇದೆಯೇ? ಬಾಲ್ಯ ಬಲ್ಲವರು ಇಲ್ಲದಿದ್ದರೆ ಹೇಗೆ ಮುಂದುವರಿಯುತ್ತೀರಿ? ಎರಡನೆಯದಕ್ಕೆ ತಡವರಿಸಿದರೆ ಬೇರೆಯವರನ್ನು ಹುಡುಕಿ. ‘ಖಚಿತವಾಗಿ ಹೇಳಲಾಗದು’ ಎಂಬ ಉತ್ತರವೂ ಬರಬಹುದು, ಬಂದರೆ ಕಾರಣವನ್ನು ಬರೆಸಿಕೊಳ್ಳಿ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಲು, ಬದಲಾವಣೆ ಇದ್ದರೆ ಮುಂಚೆಯೇ ತಿಳಿಸಿ ಎಂದು ಕೆಲಸದ ಕಡೆ ಕೇಳಲು ಪರೀಕ್ಷೆಯ ವರದಿಗಾಗಿ ಕಾಯಬೇಕಿಲ್ಲ, ಇವತ್ತೇ ಶುರುಮಾಡಿ.