ಅಂಡಮಾನಿನ ಸೆಲ್ಯುಲರ್ ಜೈಲಿಗೆ ಏಳು ಸಾಲು ಕಟ್ಟಡಗಳಿದ್ದವಂತೆ, ಈಗ ಮೂರೇ ಯಾಕೆ ಇವೆ?

ಉಳಿದವನ್ನು ಕೆಡವಿದರು. ಪೋರ್ಟ್ ಬ್ಲೇರ್‌ನ ಈ ಜೈಲನ್ನು ಬ್ರಿಟಿಷರು 1896ರಿಂದ 1906ರವರೆಗೆ ಕಟ್ಟಿಸಿದರು. ನಡುವೆ ಕಾವಲು ಗೋಪುರ, ಅದರಿಂದ ಚಕ್ರದ ಕಡ್ಡಿಗಳ ಹಾಗೆ ಹರಡಿದ ಏಳು ಮೂರಂತಸ್ತಿನ ಕಟ್ಟಡಗಳು. ಒಂದರ ಮುಂಭಾಗಕ್ಕೆ ಇನ್ನೊಂದರ ಬೆನ್ನು. ಹಾಗಾಗಿ ಎದುರಿನ ಕೈದಿಯ ಮುಖವೂ ಕಾಣುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಮೇಲೆ ಕೈಗೆಟುಕದ ಒಂದು ಕಿಂಡಿ. ಗಾಣ ಎಳೆಯುವ ಶಿಕ್ಷೆಗಿಂತ ಈ ಒಂಟಿತನವೇ ಜಾಸ್ತಿ ಕ್ರೂರ ಅನ್ನಿಸುತ್ತದೆ, ಅಲ್ವಾ?

1941ರ ಭೂಕಂಪದಲ್ಲಿ ಕಟ್ಟಡ ಪೆಟ್ಟು ತಿಂದಿತು. ಆಮೇಲೆ ಜಪಾನಿಯರು ದ್ವೀಪ ಹಿಡಿದಾಗ ಎರಡು ಸಾಲು ಹೋದವು. ಬೇಸರದ ವಿಷಯ ಏನೆಂದರೆ, ಸ್ವಾತಂತ್ರ್ಯ ಬಂದ ಮೇಲೂ ಇನ್ನೆರಡನ್ನು ಕೆಡವಿದರು. ಅದೇ ಆವರಣದಲ್ಲಿ ಆಸ್ಪತ್ರೆಯೂ ಬಂತು. ಅಲ್ಲಿ ಸೆರೆಯಲ್ಲಿದ್ದು ಬಂದವರೇ ವಿರೋಧಿಸಿದ್ದರಿಂದ ಉಳಿದದ್ದು ಉಳಿಯಿತು. 1979ರಲ್ಲಿ ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿದ್ದಾಗ ಅದನ್ನು ರಾಷ್ಟ್ರೀಯ ಸ್ಮಾರಕ ಮಾಡಿದರು.