ಮೆಚ್ಚುವವರ ಮುಂದೆ ಕಸಿವಿಸಿ ಯಾಕೆ?

"ನನ್ನನ್ನು ಮೆಚ್ಚುವವರು ಸಿಕ್ಕರೆ ಕಸಿವಿಸಿ, ತಪ್ಪು ಹುಡುಕುವವರ ಹಿಂದೆಯೇ ಮನಸ್ಸು ಓಡುತ್ತದೆ, ಯಾಕೆ?" ಅಂತ ಕೇಳಿದ್ದೀರಿ. ಮನಶ್ಶಾಸ್ತ್ರಜ್ಞ ವಿಲಿಯಂ ಸ್ವಾನ್ ಅವರ ವಿವರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ: ನಮ್ಮ ಬಗ್ಗೆ ನಮಗಿರುವ ಚಿತ್ರ ಕೆಟ್ಟದಾಗಿದ್ದರೂ, ಅದನ್ನೇ ಖಚಿತಪಡಿಸುವವರ ಜೊತೆ ನಮಗೆ ಒಂಥರಾ ನಿರಾಳ. ಹೊಗಳಿದವರು ನಾಳೆ 'ನಿಜ' ತಿಳಿದು ಬಿಟ್ಟುಹೋಗುತ್ತಾರೆ ಅನ್ನೋ ಭಯ ಒಳಗೆ ಕೂತಿರುತ್ತದೆ. 1994ರ ಅವರ ಅಧ್ಯಯನದಲ್ಲಿ ಒಂದು ಸೂಕ್ಷ್ಮವಿದೆ. ಡೇಟಿಂಗ್ ಹಂತದಲ್ಲಿ ಜನ ಮೆಚ್ಚುವವರಿಗೇ ಹತ್ತಿರವಾಗಿದ್ದರು. ಮದುವೆಯಾದವರು ಮಾತ್ರ, ತಮ್ಮನ್ನು ತಾವು ಕಂಡಂತೆಯೇ ಕಾಣುವ ಸಂಗಾತಿಗೆ ಹೆಚ್ಚು ಆಪ್ತರಾಗಿದ್ದರು. ನಿಮಗದು ಸ್ವಲ್ಪ ಬೇಗ ಶುರುವಾಗಿದೆ, ಅಷ್ಟೇ.

ಕನ್ನಡಿ ಮುಂದೆ "ನಾನು ಪ್ರೀತಿಗೆ ಅರ್ಹ" ಎಂದು ಜಪಿಸಬೇಡಿ. ಆತ್ಮಗೌರವ ಕಡಿಮೆಯಿರುವವರಿಗೆ ಅದು ತಿರುಗುಬಾಣವಾಗಬಹುದು. ಬದಲಿಗೆ ಸಿಕ್ಕ ಒಂದು ಮೆಚ್ಚುಗೆಯನ್ನು ಬರೆದಿಟ್ಟು, "ಅವರು ಇದನ್ನು ಯಾಕೆ ಮೆಚ್ಚಿದರು, ಅವರಿಗಿದು ಯಾಕೆ ಮುಖ್ಯ?" ಎಂದು ಎರಡು ಸಾಲು ಸೇರಿಸಿ. ಅದು ನಿಜವೋ ಸುಳ್ಳೋ ಎಂದು ತೂಗಲು ಹೋಗಬೇಡಿ, ಹೆಚ್ಚಿನವರು ಜಾರುವುದು ಅಲ್ಲೇ. ಕಸಿವಿಸಿಯಾಯಿತೆಂದು ಎರಡನೇ ಭೇಟಿಗೇ ಕೈಬಿಡದೆ ನಾಲ್ಕೈದು ಸಲ ಭೇಟಿಯಾಗಿ ನೋಡಿ. ಆದರೆ ನಿಮ್ಮ ಪರಿಚಯವೇ ಆಗುವ ಮುನ್ನ ಹೊಗಳಿಕೆ ಸುರಿಸುವವರ ಎದುರು ಕಸಿವಿಸಿಯಾದರೆ, ಆ ಕಸಿವಿಸಿಯನ್ನು ನಂಬಿ. ನೀವು ಮಾಡಿದ ಇಂಥದ್ದೇ ಕೆಲಸ, ಆಡಿದ ಇಂಥದ್ದೇ ಮಾತು ಎಂದು ಹಿಡಿದು ಮೆಚ್ಚುವವರ ವಿಷಯವೇ ಬೇರೆ.